ಹದಿನೆಂಟು ಮನೆಗಳ ಮೇಡಂ

ನಮ್ಮ ಮೇಡಂ ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭಕ್ಕೆ ಒಪ್ಪಲಿಲ್ಲ. ಶಾಲು, ಹಣ್ಣಿನ ಬುಟ್ಟಿ, ಬಾಗಿಲಿನಷ್ಟು ದೊಡ್ಡ ಮಾನಪತ್ರ ಎಲ್ಲ ತಯಾರಾಗಿತ್ತಂತೆ. "ಅದನ್ನೆಲ್ಲ ಹಿಡಿದುಕೊಂಡು ನಾನು ಬಸ್ಸಿನಲ್ಲಿ ನಿಲ್ಲುವುದು ಹೇಗೆ? ಕಂಬಿ ಹಿಡಿಯಲಿಕ್ಕೆ ಮೂರನೆಯ ಕೈ ಕೊಡ್ತೀರಾ?" ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದರಂತೆ. ಕೊನೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸಣ್ಣ ಪುಸ್ತಕವಾದರೂ ತರುವುದೆಂದು ತೀರ್ಮಾನಿಸಿ ಅವರ ಬಗ್ಗೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಕೇಳದೆ ಬರೆಯುವ ಧೈರ್ಯ ನನಗಿರಲಿಲ್ಲ. ಫೋನು ಮಾಡಿದೆ.

"ಬರಿ. ಆದರೆ ನನ್ನ ಹೆಸರು ಹಾಕಬೇಡ," ಎಂದರು.

"ಹೆಸರಿಲ್ಲದೆ ಹೇಗೆ ಮೇಡಂ?"

"ಮೂವತ್ತು ವರ್ಷ ಜನರ ಮನೆಗೆ ಹೋಗಿ, ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ ಅಂತ ಮಾತು ಕೊಟ್ಟು, ಅವರ ಹೊಟ್ಟೆಯೊಳಗಿನದ್ದೆಲ್ಲ ಕೇಳಿಕೊಂಡು ಬಂದವಳು ನಾನು. ಅವರಿಗೊಂದು ನ್ಯಾಯ, ನನಗೊಂದು ನ್ಯಾಯವಾ? ಮತ್ತೆ, ನಾನು ಹುಟ್ಟಿದ್ದು ಎಲ್ಲಿ, ಕಲಿತದ್ದು ಎಲ್ಲಿ ಅಂತೆಲ್ಲ ಬರೆಯಬೇಡ. ಅದು ನಿನಗೆ ಗೊತ್ತೂ ಇಲ್ಲ."

ನಿಜವಾಗಿಯೂ ಗೊತ್ತಿಲ್ಲ. ಗೊತ್ತಿರುವುದಿಷ್ಟು. ಅವರು ಸಮಾಜಶಾಸ್ತ್ರದ ಅಧ್ಯಾಪಕಿ. ಮನೆ ಬಂಟ್ವಾಳ ಪೇಟೆಯಿಂದ ಸ್ವಲ್ಪ ಒಳಗೆ. ದಿನಾ ಬೆಳಿಗ್ಗೆ ಅಲ್ಲಿಂದ ಬಸ್ಸು ಹತ್ತಿ ಉಜಿರೆಗೆ ಬರುತ್ತಿದ್ದರು, ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದರು. ಕುಳ್ಳಗಿನ ಆಳು, ಹತ್ತಿ ಸೀರೆ, ಹೆಗಲಲ್ಲಿ ಗೋಣಿಯಂಥ ಒಂದು ಚೀಲ. ಆ ಚೀಲದಲ್ಲಿ ಪ್ರಶ್ನಾವಳಿಯ ಫಾರ್ಮುಗಳು, ಅರ್ಧ ತಿಂದ ಚಕ್ಕುಲಿ, ಯಾರದೋ ಮನೆಯವರು ಕೊಟ್ಟ ಬಸಳೆ ದಂಟು ಮೂರೂ ಜೊತೆಗಿರುತ್ತಿದ್ದವು. ನಮ್ಮ ಒಬ್ಬ ಸಹಪಾಠಿಯ ಪ್ರಬಂಧದಲ್ಲಿ ಬಸಳೆಯ ಬಣ್ಣ ಹತ್ತಿ, ಅದನ್ನು ಅವನು ಕೆಂಪು ಶಾಯಿಯ ತಿದ್ದುಪಡಿ ಎಂದು ತಿಳಿದು ಇಡೀ ಪುಟವನ್ನು ಮತ್ತೆ ಬರೆದುಕೊಂಡು ಬಂದಿದ್ದ. ಮೇಡಂ ಎರಡನ್ನೂ ಓದಿ, "ಬಸಳೆ ಬಿದ್ದದ್ದು ಒಳ್ಳೆಯದಾಯ್ತು, ಎರಡನೆಯದು ಚಂದ ಉಂಟು," ಎಂದರು.

ಎಂಎ ಮೊದಲ ವರ್ಷದ ಮೊದಲ ತರಗತಿಯಲ್ಲಿ ಅವರು ಪುಸ್ತಕ ತೆರೆಯಲಿಲ್ಲ. "ಇವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದವರ ಹತ್ತಿರ ಒಂದು ಪ್ರಶ್ನೆ ಕೇಳಿ. ಉತ್ತರ ನಿಮಗೆ ಮೊದಲೇ ಗೊತ್ತಿರಬಾರದು. ಅಷ್ಟೇ ಹೋಂವರ್ಕು," ಎಂದರು. ಮರುದಿನ ಇಪ್ಪತ್ತಮೂರು ಜನರಲ್ಲಿ ಹತ್ತೊಂಬತ್ತು ಜನ ಕೇಳಿಕೊಂಡು ಬಂದ ಪ್ರಶ್ನೆ "ನಿಮಗೆ ಎಲ್ಲಿ ಇಳೀಲಿಕ್ಕೆ?" ಎಂಬುದಾಗಿತ್ತು. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನೀವು ಸಂಶೋಧಕರಲ್ಲ ಮಾರಾಯ್ರೇ, ಕಂಡಕ್ಟರುಗಳು!"

ಆಮೇಲೆ ಅವರು ಹೇಳಿಕೊಟ್ಟ ಪಾಠಗಳಿಗೆ ಪಠ್ಯಪುಸ್ತಕದಲ್ಲಿ ಹೆಸರಿರಲಿಲ್ಲ. ಜಗಲಿ ಹತ್ತುವ ಮೊದಲು ಚಪ್ಪಲಿ ಬಿಡಬೇಕು. ಅವರು ನೆಲದಲ್ಲಿ ಕೂತಿದ್ದರೆ ನೀವು ಕುರ್ಚಿಯಲ್ಲಿ ಕೂರಬಾರದು. ಬೆಲ್ಲ ನೀರು ತಂದುಕೊಟ್ಟರೆ ಬೇಡ ಎನ್ನಬಾರದು. "ನೀನು ಅವರಿಂದ ತೆಗೊಳ್ಳಲಿಕ್ಕೆ ಬಂದವ. ಬೆಲ್ಲ ಬೇಡ, ಮಾಹಿತಿ ಮಾತ್ರ ಸಾಕು ಅಂದರೆ ಅದು ಎಂಥ ಮರ್ಯಾದೆ?" ಹೀಗೆ ಒಂದೇ ಬೆಳಿಗ್ಗೆ ಏಳು ಮನೆಯ ಬೆಲ್ಲ ನೀರು ಕುಡಿದು, ಎಂಟನೆಯ ಮನೆಯಲ್ಲಿ ಹಲಸಿನ ಹಪ್ಪಳವನ್ನೂ ತಿಂದು, ಗುರುವಾಯನಕೆರೆಯ ಬಸ್ ನಿಲ್ದಾಣದಲ್ಲಿ "ಇನ್ನು ಸಂಶೋಧನೆ ಮಾಡಿದರೆ ನಾನು ಒಡೆದು ಹೋಗ್ತೇನೆ," ಎಂದು ಅವರು ಕೂತುಬಿಟ್ಟದ್ದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಪಾಠ ಎಲ್ಲಕ್ಕಿಂತ ಕಷ್ಟದ್ದು. "ಉತ್ತರ ಬಂದ ಕೂಡಲೇ ಮುಂದಿನ ಪ್ರಶ್ನೆಗೆ ಹಾರಬೇಡಿ. ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕೂತ್ಕೊಳ್ಳಿ. ಮೊದಲು ಬರುವುದು ಮರ್ಯಾದೆಯ ಉತ್ತರ. ನಿಜದ್ದು ಆಮೇಲೆ ಬರ್ತದೆ."

ಪಕ್ಕದ ವಿಭಾಗದಲ್ಲಿ ಪ್ರಾಣಿಶಾಸ್ತ್ರದ ಒಬ್ಬ ಸರ್ ಇದ್ದರು. ಮುರಕಲ್ಲಿನ ಹಾಸುಬಂಡೆಗಳ ಮೇಲೆ ನಿಂತ ನೀರಿನಲ್ಲಿ ಬಸವನಹುಳು ಎಣಿಸುವುದು ಅವರ ಸಂಶೋಧನೆ. ಇಬ್ಬರಿಗೂ ಸ್ನೇಹ, ಇಬ್ಬರಿಗೂ ದಿನಾ ಜಗಳ.

"ನನ್ನ ಬಸವನಹುಳುಗಳು ಸುಳ್ಳು ಹೇಳುವುದಿಲ್ಲ ಮೇಡಂ. ನಿಮ್ಮ ಮನುಷ್ಯರ ಕಥೆ ಹಾಗಲ್ಲ," ಎನ್ನುತ್ತಿದ್ದರು ಅವರು.

"ಹೌದು ಸರ್. ಆದರೆ ಅವು ನಿಮಗೆ ಒಂದು ದಿನವಾದರೂ ಚಾ ಕೊಟ್ಟಿವೆಯಾ?"

ನಾವು ಎರಡನೆಯ ವರ್ಷಕ್ಕೆ ಬಂದಾಗ ಇವರಿಬ್ಬರೂ ಸೇರಿ ಒಂದು ಅಧ್ಯಯನಕ್ಕೆ ಕೈಹಾಕಿದರು. ಬಂಟ್ವಾಳ, ಬೆಳ್ತಂಗಡಿ ಕಡೆ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರ ಬಗ್ಗೆ. ಕಣ್ಣು, ಬೆನ್ನು, ಬೆರಳು ಹೇಗಿದೆ ಎಂಬ ಪ್ರಶ್ನೆಗಳ ಭಾಗ ಸರ್ ಅವರದು. ಬದುಕು ಹೇಗಿದೆ ಎಂದು ಕೇಳುವ ಭಾಗ ಮೇಡಂ ಅವರದು. ನಾವು ನಾಲ್ಕು ವಿದ್ಯಾರ್ಥಿಗಳು. ಒಬ್ಬೊಬ್ಬರಿಗೆ ಮೂವತ್ತು ಮನೆಗಳ ಪಟ್ಟಿ. ನನ್ನ ಮನೆ ಕಲ್ಲಡ್ಕದ ಹತ್ತಿರವಾದ್ದರಿಂದ ಆ ಕಡೆಯ ಮೂವತ್ತು ನನಗೆ ಬಂತು. ಪಟ್ಟಿಯಲ್ಲಿ ಹೆಸರು, ಮನೆಯ ಗುರುತು ಇತ್ತು. ವಯಸ್ಸಿನಿಂದ ಹಿಡಿದು ಉಳಿದದ್ದೆಲ್ಲ ನಾವು ಹೋಗಿ ಕೇಳಿ ಬರೆಯಬೇಕಾದದ್ದು.

ಈಗ ನನ್ನ ಕಥೆ ಹೇಳಬೇಕು. ಮೇಡಂ ಅವರ ಚಿತ್ರದೊಳಗೆ ನಾನು ಯಾಕೆ ಬರುತ್ತೇನೆ ಎಂದರೆ, ಅವರು ಎಂಥವರು ಎಂದು ನನಗೆ ಗೊತ್ತಾದದ್ದೇ ನಾನು ಎಂಥವನು ಎಂದು ಅವರಿಗೆ ಗೊತ್ತಾದ ಮೇಲೆ.

ಮೊದಲ ಹನ್ನೆರಡು ಮನೆಗಳಿಗೆ ನಿಯತ್ತಿನಿಂದಲೇ ಹೋದೆ. ಹನ್ನೆರಡನೆಯ ಮನೆಯಲ್ಲಿ ಒಬ್ಬಾಕೆ ಮಡಿಲಲ್ಲಿದ್ದ ತಡ್ಪೆಯಿಂದ, ಎಂದರೆ ಬೀಡಿ ಕಟ್ಟುವ ಮೊರದಿಂದ, ತಲೆ ಎತ್ತದೆ, "ಇದನ್ನೆಲ್ಲ ನಿನಗೆ ಹೇಳಿದರೆ ನನ್ನ ಬೀಡಿಯನ್ನು ನೀನು ಕಟ್ತೀಯಾ?" ಎಂದು ಕೇಳಿದರು. ಉಳಿದ ಪ್ರಶ್ನೆಗಳನ್ನು ಹೇಗೋ ಮುಗಿಸಿದೆ. ನಾಚಿಕೆಯಾಗಿ ಎದ್ದು ಬಂದೆ. ಅದೇ ವಾರ ಶಾಲೆಯ ಮೈದಾನದಲ್ಲಿ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟವಿತ್ತು. ನಾನು ತಂಡದ ವಿಕೆಟ್ ಕೀಪರ್. ಫಾರ್ಮು ಕೊಡಲು ಉಳಿದದ್ದು ಎರಡೇ ದಿನ. ಕಲ್ಲಡ್ಕದ ಒಂದು ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು, ಎರಡು ಬಣ್ಣ ಬೇರೆ ಬೇರೆಯಾಗಿ ನಿಂತ ಆ ಊರಿನ ಚಾ ತರಿಸಿಕೊಂಡು, ಮಿಕ್ಕ ಹದಿನೆಂಟು ಮನೆಗಳನ್ನು ಕೂತಲ್ಲೇ ಮುಗಿಸಿದೆ.

ತುಂಬಾ ಶ್ರಮ ವಹಿಸಿದ್ದೆ, ಅದನ್ನು ಹೇಳಲೇಬೇಕು. ಮೂರು ಪೆನ್ನು ಬದಲಾಯಿಸಿದೆ. ಎರಡು ಫಾರ್ಮಿನ ಮೇಲೆ ನೀರು ಚಿಮುಕಿಸಿದೆ. ಹೆಸರು ಹಳೆಯ ಕಾಲದ್ದಾದರೆ ವಯಸ್ಸು ಐವತ್ತೆಂಟು, ಮಂಡಿನೋವು. ಹೊಸ ಕಾಲದ್ದಾದರೆ ಇಪ್ಪತ್ತೆಂಟು, ಕತ್ತುನೋವು. "ನಿಮ್ಮ ಮಗಳು ಈ ಕೆಲಸ ಕಲಿಯುವುದು ನಿಮಗೆ ಇಷ್ಟವೇ?" ಎಂಬ ಪ್ರಶ್ನೆ ಬಂದಾಗ ಯೋಚನೆಯೇ ಬೇಕಾಗಲಿಲ್ಲ. ಯಾವ ತಾಯಿಗೆ ಇಷ್ಟವಾದೀತು? ಹದಿನೆಂಟಕ್ಕೆ ಹದಿನೆಂಟು "ಬೇಡ" ಎಂದು ಬರೆದೆ. ಕೆಲವು ಕಡೆ ಮನಕಲಕುವ ಮಾತುಗಳನ್ನೂ ಸೇರಿಸಿದೆ. "ನನ್ನ ಕಣ್ಣೀರು ನನ್ನೊಂದಿಗೇ ಮುಗಿಯಲಿ" ಎಂಬ ವಾಕ್ಯ ನನ್ನದೇ ಸೃಷ್ಟಿ.

ಮೇಡಂ ಎಲ್ಲ ಫಾರ್ಮುಗಳನ್ನೂ ಕೂಡಿಸಿ ಲೇಖನ ಬರೆದರು. ಉಳಿದ ಮನೆಗಳಲ್ಲಿ ಆ ಪ್ರಶ್ನೆಗೆ ಬೇಕು, ಬೇಡ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ನನ್ನ ಹದಿನೆಂಟು "ಬೇಡ"ಗಳು ಹೋಗಿ ಕೂತದ್ದೇ ತಕ್ಕಡಿ ಒಂದು ಕಡೆ ವಾಲಿತು. ತಾಯಂದಿರಿಗೆ ತಮ್ಮ ಹೆಣ್ಣುಮಕ್ಕಳು ಈ ಕೆಲಸ ಕಲಿಯುವುದು ಇಷ್ಟವಿಲ್ಲ ಎಂಬುದು ಲೇಖನದ ಮುಖ್ಯ ಮಾತಾಯಿತು. ಮೂಡುಬಿದಿರೆ ಕಡೆಯ ಒಂದು ಕಾಲೇಜಿನ ವಿಚಾರಸಂಕಿರಣದಲ್ಲಿ ಮೇಡಂ ಅದನ್ನು ಓದಿದರು. ಓದುತ್ತ ಓದುತ್ತ "ನನ್ನ ಕಣ್ಣೀರು ನನ್ನೊಂದಿಗೇ ಮುಗಿಯಲಿ" ಎಂಬಲ್ಲಿ ಒಂದು ಕ್ಷಣ ನಿಂತರು. ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ಉತ್ತಮ ಪ್ರಬಂಧವೆಂದು ಫಲಕ ಸಿಕ್ಕಿತು. ಪತ್ರಿಕೆಯಲ್ಲಿ ಸುದ್ದಿ ಬಂತು. ಒಂದು ಸಂಶೋಧನಾ ನಿಯತಕಾಲಿಕೆ ಲೇಖನವನ್ನು ಅಚ್ಚು ಹಾಕಲು ಒಪ್ಪಿತು. ನಾವು ನಾಲ್ವರೂ ಫಲಕದ ಜೊತೆ ಫೋಟೋ ತೆಗೆಸಿಕೊಂಡೆವು. ಆ ಫೋಟೋದಲ್ಲಿ ಎಲ್ಲರಿಗಿಂತ ಅಗಲವಾಗಿ ನಕ್ಕವನು ನಾನು.

ಮರುದಿನ ತರಗತಿಯಲ್ಲಿ ಮೇಡಂ ಹೇಳಿದರು: "ಇನ್ನು ಮುಖ್ಯ ಕೆಲಸ ಬಾಕಿ ಉಂಟು. ನೂರಿಪ್ಪತ್ತು ಮನೆಗೂ ಹೋಗಿ, ನೀವು ಹೇಳಿದ್ದರಿಂದ ನಮಗೆ ಇಂಥದ್ದು ಗೊತ್ತಾಯ್ತು ಅಂತ ಹೇಳಿ ಬರುವ. ಅವರ ಹತ್ತಿರ ತೆಗೊಂಡದ್ದು ಅವರಿಗೆ ವಾಪಸು ಹೋಗಬೇಕು. ನಾನೂ ಬರ್ತೇನೆ. ಕಲ್ಲಡ್ಕದಿಂದಲೇ ಶುರು ಮಾಡುವ, ಆಗದಾ?"



ಎರಡು ದಿನ ಅನ್ನ ರುಚಿಸಲಿಲ್ಲ. ಜ್ವರ ಬಂದಂತೆ ನಟಿಸೋಣವೆಂದರೆ ನಿಜವಾಗಿಯೂ ಜ್ವರ ಬರುವಂತಾಗಿತ್ತು. ಮೂರನೆಯ ದಿನ ಸಂಜೆ ಮೇಡಂ ಹತ್ತಿದ ಬಸ್ಸಿಗೆ ನಾನೂ ಹತ್ತಿದೆ. ಬಿ.ಸಿ.ರೋಡಿನಲ್ಲಿ ಇಳಿದು ಬಸ್ಸು ಬದಲಿಸುವವನಾದ್ದರಿಂದ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅವರ ಹಿಂದಿನ ಸೀಟು ಸಿಕ್ಕಿತು. ಬೆಳ್ತಂಗಡಿ ದಾಟಿತು, ಗುರುವಾಯನಕೆರೆ ದಾಟಿತು, ನನ್ನ ಬಾಯಿ ತೆರೆಯಲಿಲ್ಲ. ಮಡಂತ್ಯಾರು ಬಂದಾಗ ಮುಂದಕ್ಕೆ ಬಾಗಿ ಹೇಳಿದೆ. ಬಸ್ಸು ಏರು ಹತ್ತುತ್ತಿತ್ತು. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.

"ಎಂತ?"

ಮತ್ತೆ ಹೇಳಿದೆ.

"ಗಟ್ಟಿ ಹೇಳು ಮಾರಾಯ, ಕೇಳುವುದಿಲ್ಲ!"

"ಹದಿನೆಂಟು ಮನೆಗೆ ನಾನು ಹೋಗಲೇ ಇಲ್ಲ ಮೇಡಂ!" ಎಂದು ಕೂಗಿದೆ. ಅದೇ ಹೊತ್ತಿಗೆ ಡ್ರೈವರ್ ಗೇರು ಬದಲಿಸಿ ಸದ್ದು ನಿಂತಿತ್ತು. ಇಡೀ ಬಸ್ಸು ನನ್ನ ಕಡೆ ತಿರುಗಿತು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್, "ಎಂತ, ಪೂಜೆಗೆ ಕರೆಯುವ ಹೇಳಿಕೆಯಾ?" ಎಂದು ಕೇಳಿದ. ಯಾರೋ ನಕ್ಕರು. ನಾನು ಇನ್ನೂ ಎರಡು ವಾಕ್ಯ ಹೇಳಿದೆ. ಹೋಟೆಲಿನಲ್ಲಿ ಕೂತು ನಾನೇ ಬರೆದೆ, ಎಲ್ಲವನ್ನೂ ನಾನೇ ಬರೆದೆ ಎಂದು.

ಮೇಡಂ ಮುಂದಕ್ಕೆ ತಿರುಗಿ ಕೂತರು. ಪುಂಜಾಲಕಟ್ಟೆ ಬಂತು, ಹೋಯಿತು. ಬಂಟ್ವಾಳದಲ್ಲಿ ಚೀಲ ಹೆಗಲಿಗೇರಿಸಿ ಇಳಿದರು. ನನ್ನನ್ನು ನೋಡಲಿಲ್ಲ. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಲ್ಲಿ ಕಂಡೆ. ಅವರು ಇಳಿದಲ್ಲೇ ನಿಂತಿದ್ದರು.

ಆಮೇಲೆ ಒಂಬತ್ತು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಾಜರಿ ಕರೆಯುವಾಗ ನನ್ನ ಹೆಸರು ಬರುತ್ತಿತ್ತು, ನಾನು "ಪ್ರೆಸೆಂಟ್ ಮೇಡಂ" ಎನ್ನುತ್ತಿದ್ದೆ. ಅವರ ಕಣ್ಣು ನನ್ನ ಬೆಂಚಿನ ಮರವನ್ನು ನೋಡಿ ಮುಂದಕ್ಕೆ ಹೋಗುತ್ತಿತ್ತು. ಹತ್ತನೆಯ ದಿನ ನೋಟ್ಸಿನ ಒಳಗೆ ಒಂದು ಚೀಟಿ ಇಟ್ಟು ಕೊಟ್ಟರು. "ಶನಿವಾರ ಎಂಟೂವರೆ. ಬಂಟ್ವಾಳ ಬಸ್ ನಿಲ್ದಾಣ. ಮೂಡುಬಿದಿರೆಗೆ ಹೋಗಲಿಕ್ಕುಂಟು."

ಹೋದೆ. ಮೇಡಂ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಫಲಕವಿತ್ತು. ಸಿದ್ಧಕಟ್ಟೆ ದಾರಿಯಾಗಿ ಹೋಗುವ ಬಸ್ಸಿನಲ್ಲಿ ಅದನ್ನು ಅವರು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ದಾರಿಯಲ್ಲಿ ಒಂದೇ ಮಾತು ಆಡಿದರು. "ನಿಯತಕಾಲಿಕೆಗೆ ಬರೆದಾಯ್ತು. ಲೇಖನ ಹಿಂದೆ ತೆಗೊಂಡೆ."

"ನನ್ನ ಹೆಸರು ಬರೆದಿರಾ ಮೇಡಂ?"

"ನಿನ್ನ ಹೆಸರು ಯಾಕೆ? ನನ್ನ ಮೇಲ್ವಿಚಾರಣೆ ಸಾಲದಾಯ್ತು ಅಂತ ಬರೆದೆ. ಅದು ಸುಳ್ಳಲ್ಲ. ನಿನ್ನ ಫಾರ್ಮು ನೋಡುವಾಗಲೇ ನನಗೆ ಗೊತ್ತಾಗಬೇಕಿತ್ತು. ಹದಿನೆಂಟು ಹೆಂಗಸರಲ್ಲಿ ಒಬ್ಬರೂ 'ಗೊತ್ತಿಲ್ಲ' ಹೇಳಲಿಲ್ಲ. ಒಬ್ಬರೂ ನಡುವಲ್ಲಿ ಒಲೆ ನೋಡಲಿಕ್ಕೆ ಎದ್ದು ಹೋಗಲಿಲ್ಲ. ಅಷ್ಟು ಒಳ್ಳೆಯ ಹೆಂಗಸರು ಎಲ್ಲಿ ಉಂಟು? ಚಂದ ಕಂಡಿತು, ನಾನೂ ನಂಬಿದೆ."

ಸಂಕಿರಣದ ಸಂಚಾಲಕರು ಎಳೆ ವಯಸ್ಸಿನವರು, ಸಜ್ಜನರು. ಮೇಡಂ ವಿಷಯ ಹೇಳಿ ಫಲಕವನ್ನು ಮೇಜಿನ ಮೇಲಿಟ್ಟಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು.

"ಅಯ್ಯೋ, ಇರಲಿ ಮೇಡಂ. ಯಾರಿಗೆ ಗೊತ್ತಾಗ್ತದೆ? ನಮ್ಮಲ್ಲಿ ಫಲಕ ಹಿಂದೆ ತೆಗೊಳ್ಳುವ ಪದ್ಧತಿ ಇಲ್ಲ."

"ಇಲ್ಲದಿದ್ದರೆ ಇವತ್ತಿನಿಂದ ಶುರು ಮಾಡುವ."

"ಆದರೆ ಇದರಲ್ಲಿ ನಿಮ್ಮ ಹೆಸರು ಕೆತ್ತಿ ಆಗಿದೆಯಲ್ಲ ಮೇಡಂ. ನಾವು ಇದನ್ನು ಇಟ್ಟುಕೊಂಡು ಎಂತ ಮಾಡುವುದು?"

"ಅದು ನನಗೂ ಗೊತ್ತಿಲ್ಲ," ಎಂದರು ಮೇಡಂ. ಹಾಗೆ ಹೇಳಿ ಅವರು ಕೊಟ್ಟ ಚಾ ಕುಡಿದು ಎದ್ದರು. ನಾವು ಗೇಟಿನವರೆಗೆ ಬಂದಿದ್ದೆವು. ಹಿಂದಿನಿಂದ ಸಂಚಾಲಕರು ಫಲಕ ಹಿಡಿದುಕೊಂಡು ಓಡಿಬಂದರು. ಮೇಡಂ ಅದನ್ನು ನೋಡಿದ್ದೇ ನನ್ನ ತೋಳು ಹಿಡಿದು, "ಓಡುವ!" ಎಂದರು. ಐವತ್ತು ದಾಟಿದ ಸಮಾಜಶಾಸ್ತ್ರದ ಅಧ್ಯಾಪಕಿ ಸೀರೆಯ ನೆರಿಗೆ ಹಿಡಿದುಕೊಂಡು ಮೂಡುಬಿದಿರೆಯ ರಸ್ತೆಯಲ್ಲಿ ಓಡಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಹೊರಡಲಿದ್ದ ಬಸ್ಸಿಗೆ ಹಾರಿ ಕೂತು, ಏದುಸಿರು ಬಿಡುತ್ತ ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನಾನು ಅತ್ತೆ. ಮೇಡಂ ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟರು. "ತಿನ್ನು. ಮುಂದಿನ ಶನಿವಾರದಿಂದ ಹದಿನೆಂಟು ಮನೆ."

ಅದಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ಜೊತೆಯ ಮೂವರಿಗೂ ಬಸವನಹುಳುವಿನ ಸರ್ ಅವರಿಗೂ ನಾನೇ ನಿಂತು ಹೇಳಬೇಕಿತ್ತು. ಹೇಳಿದೆ. ಜೊತೆಯವರಲ್ಲಿ ಒಬ್ಬಳು ತಿಂಗಳುಗಟ್ಟಲೆ ಬಿಸಿಲಲ್ಲಿ ಅಲೆದು ಮೂವತ್ತೂ ಮನೆ ಮುಗಿಸಿದವಳು; "ನನ್ನ ಮೂವತ್ತೂ ನಿನ್ನಿಂದಾಗಿ ಹಾಳಾಯ್ತಲ್ಲ," ಎಂದಳು. ಅಂದು ಸರ್ ಬಸವನಹುಳುವಿನ ಸುದ್ದಿ ಎತ್ತಲಿಲ್ಲ.

ಹದಿನೆಂಟು ಮನೆಗಳಿಗೆ ಐದು ಶನಿವಾರ ಬೇಕಾಯಿತು. ಪ್ರತಿ ಮನೆಯಲ್ಲೂ ಮೊದಲ ಮಾತು ನನ್ನದು. "ಮೊದಲೇ ಬರಬೇಕಿತ್ತು, ಬರಲಿಲ್ಲ. ಬಾರದೆ ನಿಮ್ಮ ಹೆಸರಿನಲ್ಲಿ ನಾನೇ ಬರೆದೆ. ತಪ್ಪಾಯಿತು." ಮೇಡಂ ಪಕ್ಕದಲ್ಲಿ ಕೂತಿರುತ್ತಿದ್ದರು, ಒಂದಕ್ಷರ ಸಹಾಯ ಮಾಡುತ್ತಿರಲಿಲ್ಲ. ಹೆಂಗಸರಿಗೆ ಇದರಲ್ಲಿ ತಪ್ಪೇನೆಂದೇ ತಿಳಿಯುತ್ತಿರಲಿಲ್ಲ. ಆದರೆ ನಾನು ಅವರ ಬಾಯಲ್ಲಿ ಏನು ಹೇಳಿಸಿದ್ದೆ ಎಂದು ಕೇಳುವ ಕುತೂಹಲ ಎಲ್ಲರಿಗೂ ಇತ್ತು. ಹಾಗಾಗಿ ನನ್ನ ಸುಳ್ಳು ಫಾರ್ಮುಗಳನ್ನು ಗಟ್ಟಿಯಾಗಿ ಓದಿ ಹೇಳುವ ಶಿಕ್ಷೆಯೂ ಸೇರಿಕೊಂಡಿತು.

ಐವತ್ತೆಂಟು ವಯಸ್ಸಿನ, ಮಂಡಿನೋವಿನ ಹೆಂಗಸು ಎಂದು ನಾನು ಬರೆದಿದ್ದವಳು ಇಪ್ಪತ್ತನಾಲ್ಕರ ಹುಡುಗಿ. ಅಜ್ಜಿಯ ಹೆಸರು ಇಟ್ಟಿದ್ದರಂತೆ. ತಾಲೂಕು ಮಟ್ಟದಲ್ಲಿ ತ್ರೋಬಾಲ್ ಆಡಿದವಳು. "ಮಂಡಿನೋವಾ? ನನಗಾ?" ಎಂದು ಅಂಗಳದಲ್ಲಿ ನಿಂತಲ್ಲೇ ಎರಡು ಸಲ ಹಾರಿ ತೋರಿಸಿದಳು. ಇನ್ನೊಬ್ಬರು ಬೀಡಿ ಬಿಟ್ಟು ಹೊಲಿಗೆ ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. "ನನ್ನ ಕಣ್ಣೀರು ನನ್ನೊಂದಿಗೇ ಮುಗಿಯಲಿ" ಎಂದು ನಾನು ಹೇಳಿಸಿದ್ದಾಕೆ ಅದನ್ನು ಕೇಳಿ ಗಂಡನನ್ನು ಕೂಗಿ ಕರೆದು, "ಇಲ್ಲಿ ಬನ್ನಿ, ನಾನು ಎಂತ ಹೇಳಿದ್ದೇನೆ ಅಂತ ಕೇಳಿ," ಎಂದು ಇನ್ನೊಮ್ಮೆ ಓದಿಸಿದರು. ಗಂಡ ಗಂಭೀರವಾಗಿ, "ನೀನು ಹಾಗೆಲ್ಲ ಮಾತಾಡುವವಳೇ ಅಲ್ಲವಲ್ಲ," ಎಂದರು.

ಆಮೇಲೆ ಆ ಪ್ರಶ್ನೆ. ಮಗಳು ಕಲಿಯುವುದು ಇಷ್ಟವೇ? ಮೇಡಂ ಕೇಳಿ ಸುಮ್ಮನೆ ಕೂರುತ್ತಿದ್ದರು. "ಬೇಡಪ್ಪ" ಎಂಬ ಮಾತು ಮೊದಲು ಬರುತ್ತಿತ್ತು. ಎಲೆ ಕತ್ತರಿಸುವ ಕತ್ತರಿಯ ಸದ್ದು, ದಾರ ಸುತ್ತುವ ಬೆರಳು, ಅಂಗಳದಲ್ಲಿ ಕೋಳಿ. ಮೇಡಂ ಅಲ್ಲಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತ್ರೋಬಾಲ್ ಹುಡುಗಿಯ ತಾಯಿ ಹೇಳಿದರು:

"ಬೇಡ ಅಂತ ಎಲ್ಲರ ಹತ್ತಿರ ಹೇಳುವುದು ಟೀಚರ್. ಆದರೆ ನಾನೇ ಕಲಿಸಿದ್ದು. ಕೈಯಲ್ಲಿ ಒಂದು ಕೆಲಸ ಇದ್ದರೆ, ಪೇಟೆಗೆ ಹೋಗುವಾಗ ಬಸ್ಸಿಗೆ ಕೊಡಿ ಅಂತ ಯಾರ ಮುಂದೆಯೂ ನಿಲ್ಲಬೇಕಂತಿಲ್ಲ. ನಾನು ಮದುವೆಯಾಗಿ ಬಂದಾಗ ನಿಂತಿದ್ದೇನೆ. ಅವಳು ನಿಲ್ಲುವುದು ಬೇಡ."

ಕತ್ತು ಬಗ್ಗಿಸಿ ಬರೆದುಕೊಂಡೆ. ಹೋಟೆಲಿನ ಮೂಲೆಯಲ್ಲಿ ಕೂತು ಹತ್ತು ಚಾ ಕುಡಿದಿದ್ದರೂ ನನಗೆ ಈ ಮಾತು ಹೊಳೆಯುತ್ತಿರಲಿಲ್ಲ.

ಹದಿನೆಂಟೂ ಸೇರಿಸಿ ನೋಡಿದಾಗ ತಕ್ಕಡಿ ಮತ್ತೆ ಮೊದಲಿನಂತೆ ಸಮಕ್ಕೆ ನಿಂತಿತು. ಬೇಕು ಎಂದವರೂ ಇದ್ದರು, ಬೇಡ ಎಂದವರೂ ಇದ್ದರು, ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದವರೇ ಹೆಚ್ಚು ಇದ್ದರು. ಯಾವ ಪತ್ರಿಕೆಗೂ ತಲೆಬರಹವಾಗದ ಸಂಗತಿ. ಮೇಡಂ ಅದನ್ನೇ ಮತ್ತೆ ಬರೆದರು. ಒಂದು ಸಣ್ಣ ನಿಯತಕಾಲಿಕೆ ಒಂದೂವರೆ ವರ್ಷ ಕಾಯಿಸಿ ಅಚ್ಚು ಹಾಕಿತು. ಮೊದಲು ಒಪ್ಪಿದ್ದವರು ಮತ್ತೆ ಒಪ್ಪಲಿಲ್ಲ.

ಅದರ ಬೆಲೆ ಏನೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಕಾಲೇಜಿನ ಗ್ರಂಥಪಾಲಕರ ಬಾಯಲ್ಲಿ. ಪಿಎಚ್‌ಡಿ ಮಾರ್ಗದರ್ಶಕಿಯ ಮಾನ್ಯತೆಗೆ ಮೇಡಂ ಆ ವರ್ಷ ಅರ್ಜಿ ಹಾಕಿದ್ದರಂತೆ. ಹಿಂದೆ ತೆಗೆದ ಲೇಖನ ಅವರ ಅರ್ಜಿಗೆ ಬೇಕಾಗಿದ್ದ ಕೊನೆಯ ಲೇಖನ. ಅರ್ಜಿ ಬಿದ್ದುಹೋಯಿತು. ಮಾನ್ಯತೆ ಸಿಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ನಡುವಲ್ಲಿ ನಾನು ಪಿಎಚ್‌ಡಿ ಮಾಡಹೊರಟು ಅವರ ಹತ್ತಿರವೇ ಮಾಡುತ್ತೇನೆಂದು ಹೋಗಿ ಕೇಳಿದ್ದೆ. "ನನಗೆ ಇನ್ನೂ ಮಾನ್ಯತೆ ಇಲ್ಲ ಮಾರಾಯ, ಬೇರೆಯವರನ್ನು ನೋಡು," ಎಂದಿದ್ದರು, ಹವಾಮಾನ ಹೇಳುವ ದನಿಯಲ್ಲಿ. ಯಾಕೆ ಇಲ್ಲ ಎಂದು ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ. ನಾನು ಬೇರೆಯವರ ಹತ್ತಿರ ಮಾಡಿದೆ. ನಿವೃತ್ತಿಯ ಒಳಗೆ ಅವರ ಕೈಯಲ್ಲಿ ಪದವಿ ಪಡೆದವರು ಒಬ್ಬರೇ. ಈಗ ನಾನು ಮಿಜಾರಿನ ಕಡೆ ಪಾಠ ಹೇಳುತ್ತೇನೆ. ಗ್ರಂಥಪಾಲಕರು ಹೇಳಿದ ದಿನ ನೇರ ಬಂಟ್ವಾಳಕ್ಕೆ ಹೋಗಿದ್ದೆ. ಮೇಡಂ ಅಂಗಳದಲ್ಲಿ ಬಸಳೆಗೆ ಚಪ್ಪರ ಕಟ್ಟುತ್ತಿದ್ದರು.

"ನನಗೆ ಯಾಕೆ ಹೇಳಲಿಲ್ಲ ಮೇಡಂ?"

"ಹೇಳಿದ್ದರೆ ನೀನು ಎಂತ ಮಾಡ್ತಿದ್ದಿ? ಇನ್ನೂ ಎರಡು ವರ್ಷ ಅಳ್ತಿದ್ದಿ. ಆ ತುದಿ ಹಿಡಿ, ಬಿಗಿ ಮಾಡುವ."

ಹಿಡಿದೆ.

ಮೇಡಂ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ತರಗತಿಯೂ ಅಲ್ಲ, ಮೂಡುಬಿದಿರೆಯ ಆ ಓಟವೂ ಅಲ್ಲ. ಕೊನೆಯ ಮನೆ. ಐದನೆಯ ಶನಿವಾರ, ಬೆಳಿಗ್ಗೆ ಹತ್ತೂವರೆ ಇರಬೇಕು. ಕಲ್ಲಡ್ಕದಿಂದ ಒಳಗೆ, ರಸ್ತೆ ಬದಿಯಲ್ಲೇ ಇದ್ದ ಹೆಂಚಿನ ಮನೆ. ಆಕೆಯನ್ನು ಗಿರಿಜಕ್ಕ ಎಂದು ಕರೆಯುತ್ತೇನೆ. ನಿಜ ಹೆಸರು ಬೇರೆ. ಅರುವತ್ತು ದಾಟಿದವರು, ಹನ್ನೊಂದನೆಯ ವಯಸ್ಸಿನಿಂದ ಬೀಡಿ ಕಟ್ಟಿದವರು. "ಬಲೆ ಟೀಚರ್, ಕುಳ್ಳುಲೆ," ಎಂದು ತುಳುವಿನಲ್ಲೇ ಕರೆದು, ಕೂರಲು ಚಾಪೆ ಹಾಸಿದರು. ನನ್ನ ತಪ್ಪೊಪ್ಪಿಗೆಯನ್ನು ಕೇಳಿ, "ಆಯ್ತು, ಬಂದೆಯಲ್ಲ," ಎಂದಷ್ಟೇ ಹೇಳಿದರು. ಮೇಡಂ ಒಂದೊಂದಾಗಿ ಕೇಳಿದರು, ಗಿರಿಜಕ್ಕ ಬೆರಳು ನಿಲ್ಲಿಸದೆ ತುಳುವಿನಲ್ಲಿ ಉತ್ತರ ಹೇಳಿದರು. ಬೆನ್ನು ನೋವು ಯಾವಾಗಿನಿಂದ, ಏಳುವಾಗ ಜಾಸ್ತಿಯೋ ಕೂರುವಾಗಲೋ, ಯಾರಿಗೆ ತೋರಿಸಿದಿರಿ, ರಾತ್ರಿ ನಿದ್ದೆ ಬರುತ್ತದೋ. ಎಲ್ಲ ಮುಗಿಯಿತು. ನಾನು ಫಾರ್ಮು ಮಡಚಿದೆ.

ಗಿರಿಜಕ್ಕ ತಡ್ಪೆಯನ್ನು ಪಕ್ಕಕ್ಕಿಟ್ಟರು. ಮೇಡಂ ಮುಖವನ್ನೇ ಒಂದಷ್ಟು ಹೊತ್ತು ನೋಡಿದರು.

"ಅಲ್ಲ ಟೀಚರ್, ನೀವು ಆಗಿನಿಂದ ಮೂರು ಸಲ ಗೋಡೆಗೆ ಒರಗಿದಿರಿ. ನಿಮಗೆ ಬೆನ್ನು ನೋವು ಉಂಟಾ?"

ಮೇಡಂ ನಕ್ಕರು. "ಇಲ್ಲಪ್ಪ, ನನಗೆಂತ," ಎಂದರು.

ಗಿರಿಜಕ್ಕ ಏನೂ ಹೇಳಲಿಲ್ಲ. ಮೇಡಂ ಮುಖದಿಂದ ಕಣ್ಣನ್ನೂ ತೆಗೆಯಲಿಲ್ಲ. ರಸ್ತೆಯಲ್ಲಿ ಒಂದು ಲಾರಿ ಹೋಯಿತು.

"ಉಂಟು ಅಕ್ಕ," ಎಂದರು ಮೇಡಂ. "ಹದಿನಾಲ್ಕು ವರ್ಷ ಆಯ್ತು. ದಿನಾ ಬಸ್ಸು."

"ಮನೆಯಲ್ಲಿ ಹೇಳಿದ್ದೀರಾ?"

"ಯಾರೂ ಕೇಳಲಿಲ್ಲ."

ಗಿರಿಜಕ್ಕ ಎದ್ದು ಒಳಗೆ ಹೋಗಿ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿಗಿಟ್ಟರು. ಬಂದು ಮೇಡಂ ಕೈಹಿಡಿದು ಎಬ್ಬಿಸಿದರು. ನನ್ನ ಮಡಿಲಿಗೆ ತಡ್ಪೆಯನ್ನೂ ಕತ್ತರಿಯನ್ನೂ ಒದ್ದೆ ಎಲೆಗಳ ಕಟ್ಟನ್ನೂ ಇಟ್ಟು, "ಸುಮ್ಮನೆ ಕೂರಬೇಡ ಮಗ, ಅಳತೆ ಇಟ್ಟು ಕತ್ತರಿಸು," ಎಂದು ಹೇಳಿ ಬಾಗಿಲು ಎಳೆದುಕೊಂಡರು. ಒಳಗಿನಿಂದ ಮೊದಲು "ಅಯ್ಯಯ್ಯೋ, ಅಲ್ಲೇ, ಅಲ್ಲೇ" ಎಂಬ ಕೂಗು ಬಂತು, ಆಮೇಲೆ ಇಬ್ಬರ ನಗು. ಆಮೇಲೆ ಮೇಡಂ ಮಾತಾಡತೊಡಗಿದರು, ತುಳುವಿನಲ್ಲಿ, ತಗ್ಗಿದ ದನಿಯಲ್ಲಿ, ತರಗತಿಯಲ್ಲಿ ನಾವೆಂದೂ ಕೇಳದ ಒಂದು ದನಿಯಲ್ಲಿ. ಈಚೆಗೆ ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ನಾನು ಸೊಟ್ಟ ಸೊಟ್ಟ ಎಲೆ ಕತ್ತರಿಸುತ್ತ ಕೂತೆ. ಬಿಸಿಲು ಜಗಲಿಯ ಅಂಚಿಗೆ ಬಂತು. ಪೇಟೆಗೆ ಹೋಗುವ ಎರಡು ಬಸ್ಸು ದಾಟಿ ಹೋದವು. ಬಾಗಿಲಿನಾಚೆ ಮೇಡಂ ಇನ್ನೂ ಮಾತಾಡುತ್ತಲೇ ಇದ್ದರು.